ಇನ್ನೂರ ಹದಿನಾಲ್ಕನೇ ಪುಟ

ಶಿಡ್ಲಘಟ್ಟದಲ್ಲಿ ಭಾನುವಾರವೂ ಗಾಳಿಗೆ
ಬೆಂದ ಹುಳುವಿನ ವಾಸನೆ.
ಟೈಲರ್ ಅಂಗಡಿ ಮೇಲಿನ ಕೋಣೆಯಲ್ಲಿ ಐದು ಜನ,
ಒಂದೇ ಪ್ರತಿ. ಲೈಬ್ರರಿಯದು.
ಎರಡು ತಿಂಗಳು ಕೈಯಿಂದ ಕೈಗೆ ತಿರುಗಿ,
ನಡುವೆ ಚಿಂತಾಮಣಿ ಬಸ್ಸಿನ ಟಿಕೇಟು, ಒಂದು ಹೇರ್‌ಪಿನ್ನು,
ಶೆಟ್ಟರ ಮೆಡಿಕಲ್ ಸ್ಟೋರಿನ ಚೀಟಿ ಸೇರಿ
ದಪ್ಪಗಾಗಿದೆ ಕಾದಂಬರಿ.

ಕಥೆ ಯಾವುದೋ ಹಿಮದ ದೇಶದ್ದು.
ಯುದ್ಧ. ಹಿಟ್ಟಿನ ಗಿರಣಿಯವನ ಮಗಳು
ಶತ್ರು ಕಡೆಯ ಹುಡುಗನೊಬ್ಬನನ್ನು ಅಟ್ಟದಲ್ಲಿ ಬಚ್ಚಿಟ್ಟು
ಒಂದಿಡೀ ಚಳಿಗಾಲ ಅವನಿಗೆ ರೊಟ್ಟಿ ಒಯ್ಯುತ್ತಾಳೆ,
ಆಮೇಲೆ ರೊಟ್ಟಿಯ ನೆಪ ಒಯ್ಯುತ್ತಾಳೆ.
ಇನ್ನೂರ ಹದಿನಾಲ್ಕನೇ ಪುಟದಲ್ಲಿ ಊರಿನವರೇ ಬಂದು
ಎಲ್ಲಿ ಅವನು ಎಂದಾಗ
ಅವಳು ಹೇಳುವುದಿಲ್ಲ.
ನಾದುತ್ತಿದ್ದ ಹಿಟ್ಟಿನಿಂದ ಒಮ್ಮೆ
ಕಣ್ಣೆತ್ತುತ್ತಾಳೆ, ಅಷ್ಟೆ.
ಮೇಲಕ್ಕೆ.

ಉಳಿದ ನೂರು ಪುಟ ಅವಳು ಮುದುಕಿಯಾಗುತ್ತಾಳೆ.

'ಬೇಕಂತಲೇ ನೋಡಿದಳು' ಎಂದರು ಸರ್ವಮಂಗಳಾ ಮೇಡಂ,
ಮೂವತ್ತು ವರ್ಷ ಮಕ್ಕಳ ಕಳ್ಳಗಣ್ಣು ಕಂಡವರು.
ಶೆಟ್ಟರು: 'ಅಯ್ಯೋ, ಹೆದರಿದ ಕಣ್ಣು ಹೆದರಿಕೆ ಇರೋ ಕಡೇನೇ ಹೋಗ್ತದಮ್ಮ,
ಇಂಜೆಕ್ಷನ್ ಅಂದ್ರೆ ಮಕ್ಕಳು ಸೂಜಿನೇ ನೋಡ್ತವೆ.'
ಇಮ್ದಾದ್ ಪಾಷ, ಬಿಸಿನೀರಲ್ಲಿ ಎಳೆ ಹುಡುಕಿ ಹುಡುಕಿ
ಬೆರಳ ತುದಿ ಬೆಳ್ಳಗಾದವನು, ಹೇಳಿದ:
'ಬರೆದವರು ಮೋಸ ಮಾಡಿದಾರೆ. ಪ್ರೀತಿ ಇದ್ದೋಳು
ನೆಲ ನೋಡ್ತಾಳೆ.
ಅಭ್ಯಾಸ ಆಗಿರತ್ತೆ.'
ನಾನು ನೆಲ ನೋಡಿದೆ.

ಗೂಡಿನ ಮಾರುಕಟ್ಟೆಯಲ್ಲಿ ತೂಕ ಬರೆಯುವವಳು ನಾನು,
ಅಭಿಪ್ರಾಯ ಕೇಳಿದರೆ ಅಂಕಿ ಹೇಳುವವಳು.
'ಎಂಟನೇ ಅಧ್ಯಾಯ ಉದ್ದವಾಯ್ತು' ಅಂದೆ.

ಸುಬೇದಾರ್ ಬೈರೆಡ್ಡಿ ಅದುವರೆಗೂ ಬನ್ನನ್ನು ಟೀಯಲ್ಲಿ
ಅದ್ದುತ್ತಲೇ ಇದ್ದರು. ಪುಸ್ತಕ ಪೂರ್ತಿ ಓದಿರಲಿಲ್ಲ,
ಅಲ್ಲಿಗೇ ನಿಲ್ಲಿಸಿದ್ದರಂತೆ, ಆ ಪುಟಕ್ಕೆ.
'ಬಾಗಿಲಲ್ಲಿ ಅವನ ಚಪ್ಪಲಿ ಇತ್ತಾ?' ಕೇಳಿದರು.
ಬೂಟು ಸರ್, ಹಿಮದ ದೇಶ, ಎಂದು ಯಾರೋ ನಕ್ಕರು.
'ಬೂಟೇ ಇರಲಿ. ಇತ್ತಾ?'

ಸಮುದ್ರದಾಚೆ, ಎಂಬತ್ತೆಂಟರಲ್ಲಿ, ತಾಳೆಗರಿ ಬೇಲಿಯ ಒಂದು ಮನೆ.
ಬೆಳಗಿನ ಜಾವದ ಗಸ್ತು.
ಗಂಡ ಸತ್ತು ವರ್ಷವಾದವಳು ಅಂತ ಗೊತ್ತಿತ್ತು,
ಒಬ್ಬಳೇ ಅಂತ ಗೊತ್ತಿತ್ತು,
ಹೊಸ್ತಿಲ ಹೊರಗೆ ಎರಡು ಜೊತೆ.
'ನಾನು ಹೇಳಿದ್ದು ಅಷ್ಟೇ. ಎರಡು ಜೊತೆ ಸಾಬ್, ಅಂತ.
ಲೆಕ್ಕ ಒಪ್ಪಿಸೋದು ಕೆಲಸ.'
ಒಳಗಿದ್ದವನ ಹತ್ತಿರ ಬಂದೂಕು ಇರಲಿಲ್ಲ.
ಮೀನು ಮಾರುವವನು, ಬೇರೆ ಜಾತಿ,
ಕತ್ತಲಲ್ಲಿ ಬಂದು ಕತ್ತಲಲ್ಲೇ ಹೋಗಬೇಕಾದವನು,
ಅವತ್ತು ನಿದ್ದೆ ಹತ್ತಿಬಿಟ್ಟಿತ್ತು.
ಅದೆಲ್ಲ ಆಮೇಲೆ ಗೊತ್ತಾದದ್ದು.
ಅಳಲಿಲ್ಲ ಅವಳು. ಅತ್ತರೆ ಬೀದಿಗೆ ತಿಳಿಯುತ್ತದಲ್ಲ.
ಯಾರೋ, ಗುರುತಿಲ್ಲ ಎಂದಳು,
ದುಭಾಷಿ ಹಾಗೇ ಬರೆದುಕೊಂಡ.

ಬನ್ನು ಮುರಿದು ಟೀಯೊಳಗೆ ಮುಳುಗಿತು.
ಸುಬೇದಾರರು ಚಮಚ ಕೇಳಿದರು.
ಯಾರೂ 'ಬಿಡಿ ಸರ್, ಯುದ್ಧ ಅಲ್ವಾ' ಅನ್ನಲಿಲ್ಲ.
ಶೆಟ್ಟರೊಬ್ಬರು ಅನ್ನಲು ಬಾಯಿ ತೆರೆದು ಕೆಮ್ಮಿದರು.
ಕಾದಂಬರಿಯ ಕೊನೆ ಏನೆಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ
(ಮುದುಕಿ ಗಿರಣಿ ಮಾರುತ್ತಾಳೆ. ಅಟ್ಟದ ಏಣಿ ಮಾತ್ರ ಕೊಡುವುದಿಲ್ಲ).

ಮಂಗಳವಾರ ಪುಸ್ತಕ ವಾಪಸು. ನಾನೇ ಕೊಡುತ್ತೇನೆ ಎಂದೆ.

ಮೆಟ್ಟಿಲ ತಲೆಯಲ್ಲಿ ಐದು ಜೊತೆ ಚಪ್ಪಲಿ.
ನನ್ನ ನೀಲಿ ಪಟ್ಟಿಯದರ ಮೇಲೆ
ಇನ್ನೊಂದು ಅರ್ಧ ಏರಿ ಕೂತಿದೆ,
ಹಿಮ್ಮಡಿ ಸವೆದದ್ದು, ಬಿಸಿನೀರಿಗೆ ಬಣ್ಣ ಹೋದದ್ದು.
ಬರುವಾಗ ಹಾಗೆ ಬಿಟ್ಟಿರಲಿಲ್ಲ ಇಬ್ಬರೂ.
ನನಗಿಂತ ಮೊದಲು ಅಲ್ಲಿಗೆ ಬಂದು
ಅದನ್ನೇ ನೋಡುತ್ತ ನಿಂತಿದ್ದರು ಸುಬೇದಾರರು.
ಆಮೇಲೆ ಬಗ್ಗಿ, ಮೊಣಕಾಲು ಹಿಡಿದುಕೊಂಡು,
ಪಾಷನ ಎರಡೂ ಚಪ್ಪಲಿ ಕೈಯಲ್ಲಿ ಎತ್ತಿ
ಗೋಡೆ ಪಕ್ಕ ಇಟ್ಟರು,
ತಮ್ಮವುಗಳ ಜೊತೆ.

'ಮೆಟ್ಟಿಲು ಕಡಿದು' ಎಂದರು, ಯಾರ ಕಡೆಗೂ ನೋಡದೆ,
'ಒಬ್ಬೊಬ್ಬರೇ ಇಳೀರಿ.'