ಪೊಳ್ಳು ಸಪ್ಪಳ

ಬ್ರಹ್ಮಪುರದ ಆ ಮನಿಗಿ
ಮೋರ್ಬಿಯಿಂದ ಬಂದ ಡಬ್ಬಿ ಇಳಿಸಿ
ಒಂದರ ಮೂತಿ ಹರದು ನೋಡಿದೆ:
ಶಹಾಬಾದ್ ಕಲ್ಲಿನ ಚಿತ್ರ.
ಅದೇ ಮಬ್ಬು ಬಣ್ಣ, ಅದೇ ಗೀರು, ಅದೇ ಮಾಸಲು,
ಮುಟ್ಟಿದರ ಬೆರಳಿಗಿ ತರಿತರಿ ಸೈತ.

"ಈಗ ಇದೇ ನಡದದ, ಮಿಸ್ತ್ರಿ" ಅಂದಳು ಡಿಸೈನರ್ ಅಫ್ರೀನ್.
"ಹೊಳಪಿನ ಕಾಲ ಮುಗೀತು.
ಈಗೇನಿದ್ರೂ ಮಣ್ಣು, ಬೂದಿ, ಸುಣ್ಣ, ಗೋಧಿಹುಲ್ಲಿನ ಬಣ್ಣ.
ಮನಿ ಉಸಿರಾಡಬೇಕು."

ನಾ ಉಸಿರು ಬಿಟ್ಟು ಕಾಲಬುಡಕ ನೋಡಿದೆ.
ಕಾಲಬುಡಕ ಶಹಾಬಾದ್ ಕಲ್ಲೇ ಇತ್ತು.
ಚಿತ್ರ ಅಲ್ಲ.

"ಒಡೀಬ್ಯಾಡ, ಮ್ಯಾಲೇ ಹಚ್ಚು" ಅಂದ್ರು ಕಸ್ತೂರಿ ಮೇಡಂ,
"ಮಗಳದು ಪರೀಕ್ಷಾ ಅವ, ಧೂಳು ಏಳಬಾರದು."

ನಮ್ಮಪ್ಪ ಖಣಿಯೊಳಗ ದುಡಿದವ.
ಪದರಿಗಿ ಉಳಿ ಇಟ್ಟು, ಕಿವಿ ಹಚ್ಚಿ, ಸಣ್ಣಗ ಬಡೀತಿದ್ದ.
ಉಬ್ಬಿದ ರೊಟ್ಟಿ ಪದರ ಬಿಟ್ಟಂಗ
ಕಲ್ಲು ತಾನೇ ಬಿಟ್ಟುಕೊಡ್ತಿತ್ತು.
ಮೇ ತಿಂಗಳ ರಾತ್ರಿ ಅವ್ವ ಅದೇ ಕಲ್ಲಿಗಿ
ಎರಡು ಕೊಡ ನೀರು ಸುರುವಿ ಒರಸೋಳು,
ನಾವು ಅಂಗಿ ಬಿಚ್ಚಿ ಬೋರಲು ಬೀಳ್ತಿದ್ದೆವು.
ಎದ್ದಾಗ ಹೊಟ್ಟಿ ಮ್ಯಾಲೆ ಕಲ್ಲಿನ ಗೀರು.

ಇಲ್ಲಿ ಮಾಳಿಗಿ ಒಂಬತ್ತು ಇಂಚು ಕೆಳಗ ಬಂದದ,
ಅದರ ಸಂದಿಯೊಳಗ ದೀಪದ ಪಟ್ಟಿ ಮಲಗ್ಯಾವ.
ಬೀದರಿನ ಕರೀ ಹೂದಾನಿಯೊಳಗ
ಕಬ್ಬಿನ ತುರಾಯಿಯಂಥಾ ಒಣ ಹುಲ್ಲು.
"ಇದಕ್ಕ ಎಷ್ಟು ಕೊಟ್ಟಾರ ಗೊತ್ತೇನ್ರಿ?" ಅಂದ ಭೀಮಶ್ಯಾ.
ರೇಟ್ ಕೇಳಿ ಅವನ ಎತ್ತಿನ ನೆನಪು ಬಂದು ಇಬ್ಬರೂ ನಕ್ಕೆವು.

ಏಳನೇ ಟೈಲ್ ಎತ್ತಿ ಅಂವ ನಿಂತ:
"ಮಿಸ್ತ್ರಿ, ಇದು ಮೊದಲನೇದೇ ಬಂತು ನೋಡ್ರಿ,
ಅದೇ ಬಿರುಕು, ಅದೇ ಮೂಲಿಗಿ ಅದೇ ಕಲೆ."
"ತಿರುವಿ ಇಡು" ಅಂದೆ. "ಯಾರಿಗೂ ತಿಳಿಯಂಗಿಲ್ಲ."

ಕಿಟಕಿ ಬಲಕ್ಕ ಕಸ ಹೊಡದಾಗ ಕಂಡಿತು.
ಮೊಳೆಯಿಂದ ಕೆತ್ತಿದ್ದು, ಅಂಕುಡೊಂಕು,
ಚೌಕಾಬಾರ.
ಐದು ಐದ್ಲಿ ಇಪ್ಪತ್ತೈದು ಮನಿ,
ಐದು ಮನಿಗಿ ಕಾಟು.
ನಡುವಿನ ಮನಿ ತಿಕ್ಕಿ ತಿಕ್ಕಿ ನುಣ್ಣಗ,
ಎಷ್ಟು ಕಾಯಿ ಅಲ್ಲಿ ಹಣ್ಣಾಗಿದ್ದವೋ.

"ನಾವು ಮನಿ ಕೊಂಡಾಗಲೇ ಇತ್ತು, ಯಾರದೋ ಏನೋ.
ಮುಚ್ಚು, ಅಲ್ಲಿ ಸೋಫಾ ಬರ್ತದ" ಅಂದ್ರು ಮೇಡಂ.
ಅಫ್ರೀನ್ ಮಂಡಿಯೂರಿ ಫೋಟೋ ತಗೊಂಡಳು,
"ವಾಲ್‌ಪೇಪರ್‌ಗಿ ಎಷ್ಟು ಚಂದ ಆಗ್ತದ!"

ಮಧ್ಯಾಹ್ನ ಬುತ್ತಿ ಬಿಚ್ಚಿದ ಮ್ಯಾಲೆ
ಭೀಮಶ್ಯಾ ಹುಣಚಿ ಬೀಜ ಕಲ್ಲಿಗಿ ತಿಕ್ಕಿ ಬೆಳ್ಳಗ ಮಾಡಿದ,
ಒಡದ ಟೈಲಿನ ಚೂರೇ ಕಾಯಿ.
ಓದಿ ಬ್ಯಾಸತ್ತ ಮಗಳು ಬಂದು ಕೂತಳು.
ಮೊದಲ ಏಟಿಗೇ ಚೌಕ ಹಾಕಿದಳು,
ನನ್ನ ಎರಡು ಕಾಯಿ ಕಡದು
ಪರೀಕ್ಷೆಯ ಸೂತ್ರ ಗುನುಗುತ್ತ ಹೋದಳು.
ಕೂತ ಜಾಗ ತಣ್ಣಗಿತ್ತು.

ಆ ಒಂದು ಟೈಲಿಗಿ ಅಂಟು ಬಳಿಯಲಿಲ್ಲ ನಾನು.
ಹಳೇ ಪೇಪರ್ ಮಡಚಿ ಮಟ್ಟ ಕೂಡಿಸಿ
ಒಣದೇ ಇಟ್ಟೆ, ಸಂದಿಗಷ್ಟೇ ಬಣ್ಣದ ಸಿಮೆಂಟ್.
ಇಪ್ಪತ್ತೆರಡು ವರ್ಷದ ಕೈ ಮಾಡಿದ
ಮೊದಲನೇ ಬೇಕಂತಲೇ ತಪ್ಪು.
ಭೀಮಶ್ಯಾ ನೋಡಿದ, ಬಕೀಟು ತೊಳೀಲಿಕ್ಕ ಹೋದ.

ಸಂಜಿಗಿ ಮೇಡಂ ಐದು ರೂಪಾಯಿ ನಾಣ್ಯ ಹಿಡಿದು ಬಂದ್ರು.
ಹಿಂಗ ಬಡಿದು ನೋಡಬೇಕಂತ ಯಾರೋ ಹೇಳಿಕೊಟ್ಟಿದ್ರು.
ಟಕ್. ಟಕ್. ಟಕ್.
ಕಿಟಕಿ ಬಲಕ್ಕ ಬಂದಾಗ: ಡಬ್.
ನಾ ಲೆವೆಲ್ ಕೋಲಿನ ಗುಳ್ಳಿ ದಿಟ್ಟಿಸ್ತಾ ಕೂತೆ,
ಅದು ನಡುವಿಗಿ ನಿಂತಿತ್ತು, ಅಲುಗಲಿಲ್ಲ.
ಮತ್ತೊಮ್ಮೆ ಬಡಿದ್ರು, ಮೆಲ್ಲಕ.
ಡಬ್.

ನಾಣ್ಯ ಸೆರಗಿಗಿ ಒರಸಿಕೊಂಡು
ಮುಂದಿನದಕ್ಕ ಹೋದ್ರು.
ರೊಕ್ಕ ಎಣಿಸಿ ಕೊಡುವಾಗ, ಬ್ಯಾರೆ ಎತ್ತಲೋ ನೋಡ್ತಾ,
"ನಾಳಿ ಸೋಫಾದವರು ಬರ್ತಾರ" ಅಂದ್ರು.
"ಎರಡು ಮೊಳ ಈಕಡಿ ಇಡಿಸ್ತೀನಿ."