ಕೈ ಎತ್ತಿ

ಇಡೀ ದಿನ ನಾನು ಹೇಳುವ ಮಾತು ಇದೊಂದೇ:
ಕೈ ಎತ್ತಿ.
ಹನುಮಂತನಗರದ ಐವತ್ತಡಿ ರಸ್ತೆ,
ಬೇಕರಿಯ ಪಕ್ಕ ಮೂರು ಮೆಟ್ಟಿಲಿಳಿದರೆ ನನ್ನ ಅಂಗಡಿ.
ಟೇಪು ಹಿಡಿದು ನಿಂತರೆ ಎಂಥ ಗಟ್ಟಿಗಿತ್ತಿಯೂ
ಮೊಣಕೈ ಮಾತ್ರ ಎತ್ತಿ, ಕಂಕುಳನ್ನು
ಕದ್ದ ಮಾಲಿನಂತೆ ಒತ್ತಿಕೊಳ್ಳುತ್ತಾಳೆ.

ಸಡಿಲ ಮಾಡಲು ಬಂದ ರವಿಕೆಯನ್ನು
ಒಳಗು ಹೊರಗು ಮಾಡಿದರೆ ಮೊದಲು ಕಾಣುವುದು ಆ ಜಾಗ.
ಹಳದಿ. ಹಪ್ಪಳದ ಹಾಗೆ ಬಿರುಸು.
ಸೂಜಿ ಅಲ್ಲಿ ತಡವರಿಸುತ್ತದೆ, ಒಮ್ಮೊಮ್ಮೆ ಮುರಿಯುತ್ತದೆ.
ಬರೀ ಬೆವರಲ್ಲ ಅದು, ಬೆವರು ಒಗೆದರೆ ಹೋದೀತು;
ಬೆವರನ್ನು ತಡೆಯಲು ಬಳಿದದ್ದು
ಬೆವರಿನ ಜೊತೆಗೇ ಕೂಡಿ ಗಾರೆಯಾಗಿದೆ.

ಲೀಲಾಂಬಿಕೆಯವರು ಗಿಣಿಹಸಿರು ರೇಷ್ಮೆ ರವಿಕೆ ತಂದರು.
ಬ್ಯಾಂಕಿನಲ್ಲಿ ಮೂವತ್ತು ವರ್ಷ ನೋಟು ಎಣಿಸಿದ ಕೈ.
"ಇಲ್ಲಿ ಮಾತ್ರ ಬೇರೆ ತುಂಡು ಹಾಕ್ಕೊಡಮ್ಮ,
ಗೊತ್ತಾಗಬಾರದು."
ಒಳಮಡಿಕೆಯಿಂದ ಬಟ್ಟೆ ಕದ್ದು
ಎರಡು ವೀಳ್ಯದೆಲೆಯಷ್ಟು ಕತ್ತರಿಸಿ ಹೊಲಿದೆ.
ಗೊತ್ತಾಗಲಿಲ್ಲ.
ಆ ರಾತ್ರಿ ಒಗೆಯಲೆಂದು ನನ್ನದನ್ನು ತಿರುವಿದೆ.
ಇಪ್ಪತ್ತೆರಡು ವರ್ಷದ ರೋಲಾನು.
ಅದೇ ಹಳದಿ, ಅದೇ ಹಪ್ಪಳ.
ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ.

ಬಿಟ್ಟೆ.
ಹಾಗಂತ ಎಸೆಯಲಿಲ್ಲ, ಸೀಸೆ ಅರ್ಧ ಉಳಿದಿತ್ತು.
ಭಾನುವಾರ ಜಯನಗರದ ಪಾರ್ಕಿನ ಬದಿ
ಮೇಜು ಹಾಕಿ ಕೂತ ಹುಡುಗಿ
ಕುಂಕುಮದ ಭರಣಿಯಷ್ಟು ಡಬ್ಬಿ ಕೊಟ್ಟು
ಮುನ್ನೂರ ಎಂಬತ್ತು ತಗೊಂಡಳು.
ಕೊಬ್ಬರಿ ಎಣ್ಣೆ, ಆರಾರೂಟ್ ಹಿಟ್ಟು, ಅಡುಗೆ ಸೋಡಾ, ಲಾವಂಚ.
"ಕಡಲೆಹಿಟ್ಟೊಂದು ಇದ್ದಿದ್ರೆ ಬೋಂಡಾನೇ ಕರೀಬೋದಿತ್ತು"
ಅಂದಳು ಕಾಜ ಹೊಲಿಯುತ್ತಿದ್ದ ನಸೀಬಾ.
ಏಪ್ರಿಲ್ಲಿನ ಬಿಸಿಲಿಗೆ ಅದು ಕರಗಿ
ಗುಂಡಿ ಡಬ್ಬಿಯೊಳಗೆ ಇಳಿಯಿತು;
ವಾರವಿಡೀ ಲಾವಂಚದ ಗುಂಡಿಗಳನ್ನೇ ಹಾಕಿದೆವು.

ಎರಡನೇ ವಾರ, ಯಶವಂತಪುರದ ಈರುಳ್ಳಿ ಮಂಡಿ.
ನಸೀಬಾ ಏನೂ ಅನ್ನಲಿಲ್ಲ,
ತನ್ನ ಮಿಷನ್ನನ್ನು ಒಂದು ಗೇಣು ಬಾಗಿಲ ಕಡೆ ಎಳೆದಳು.
ಮರುದಿನ ಇನ್ನೊಂದು ಗೇಣು.
ಮೂರನೇ ವಾರ ಸೋಡಾ ಕಚ್ಚಿ ಕೆಂಪಗೆ ಗಂಧೆ;
ರೆಕ್ಕೆ ಬಿಚ್ಚಿದ ಕೋಳಿಯ ಹಾಗೆ
ಕೈ ಅಗಲಿಸಿ ಮಲಗಿದೆ.

ಎದುರಿನ ಸೆಲೂನಿನ ಚೆಲುವರಾಜು
ಪಟಿಕದ ಗಡ್ಡೆ ಕೊಟ್ಟ, ಇಪ್ಪತ್ತು ರೂಪಾಯಿ.
"ನೆನೆಸಿ ಹಚ್ಚಕ್ಕ, ನಮ್ಮಪ್ಪನ ಕಾಲದ್ದು."
ತಣ್ಣಗಿತ್ತು. ಮಂಡಿ ಅರ್ಧ ಖಾಲಿಯಾಯಿತು.
ಗೆದ್ದೆ ಅಂದುಕೊಂಡೆ.
ನಸೀಬಾಳ ಮಗಳು ಅಮ್ರೀನ್, ಪಿಯುಸಿ, ಸೈನ್ಸು,
ಗಡ್ಡೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ
"ಆಂಟಿ, ಇದೂ ಅಲ್ಯೂಮಿನಿಯಮ್ಮೇ" ಅಂದಳು.
ಮೂವರೂ ನಕ್ಕೆವು.
ನಕ್ಕು ನಕ್ಕು ಬೆವೆತೆವು.

ಈಗ ಏನು ಹಚ್ಚುತ್ತೀ ಅಂದರೆ ಏನು ಹೇಳಲಿ.
ಒಂದು ದಿನ ಪಟಿಕ, ಒಂದು ದಿನ ಬರೀ ನೀರು,
ಯಾರದಾದರೂ ಮದುವೆಯಿದ್ದರೆ, ಸುಳ್ಳೇಕೆ,
ಆ ಅರ್ಧ ಉಳಿದದ್ದು.
ಒದ್ದೆ ಮಾತ್ರ ವಾಪಸು ಬಂದಿದೆ:
ಮಧ್ಯಾಹ್ನದ ಹೊತ್ತಿಗೆ ಬಗಲಿನಲ್ಲಿ
ಅಂಗೈಯಗಲ ಕಪ್ಪು ನೆರಳು.
ವಾಸನೆಯೂ ಇದೆ, ಮಂಡಿಯದಲ್ಲ:
ಜೀರಿಗೆ, ಬಿಸಿ ಇಸ್ತ್ರಿ, ಸ್ವಲ್ಪ ಮಿಷನ್ ಎಣ್ಣೆ.
ಐವತ್ತೊಂದಕ್ಕೆ ಆಯಿತು ಪರಿಚಯ.

ನಿನ್ನೆ ಕೆಂಗೇರಿಯಿಂದ ಬಸ್ಸಿನಲ್ಲಿ ನಿಂತೇ ಬಂದ ಹುಡುಗಿ
ಟೇಪು ಕಂಡದ್ದೇ ಮೈ ಬಿಗಿ ಹಿಡಿದು
"ಸಾರಿ ಅಕ್ಕ, ತುಂಬಾ ಬೆವೆತಿದೀನಿ" ಅಂದಳು.
ಇರಲಿ ಎತ್ತು, ನಂದೂ ಇದೆ, ಅಂದೆ.
ಎತ್ತಿದಳು, ಪೂರ್ತಿ,
ಇನ್ನೂ ಬಸ್ಸಿನ ಕಂಬಿ ಹಿಡಿದಿದ್ದಾಳೇನೋ ಎಂಬಂತೆ.

ಬರಕೋ ನಸೀಬಾ,
ಕಂಕುಳ ಸುತ್ತು ಹದಿನಾರೂವರೆ.