ಅರ್ಧಕ್ಕೆ ನಿಲ್ಲಬೇಕು

ಮೋಟಾರಿನ ಕೊಂಡಿ ಕಳಚಿ,
ಬಾಗಿಲು ಕೈಯಲ್ಲೇ ಎತ್ತಿ, ಸೊಂಟದ ಮಟ್ಟಕ್ಕೆ ಬಿಟ್ಟು ನೋಡಿ,
ಅಂದಿದ್ದ ಅಮ್ಮತ್ತಿಯ ಮೊಯ್ದು.
ನಿಂತರೆ ಸರಿ. ಕುಸಿದರೆ ನನಗೊಂದು ಫೋನು.
ಸ್ಪ್ರಿಂಗಿಗೆ ಮಾತ್ರ ಕೈ ಹಾಕಬೇಡಿ ಅಕ್ಕ,
ಸುಮ್ಮನಿದ್ದಂತೆ ಕಾಣುತ್ತದೆ, ಅಷ್ಟೆ.
ತೋರಿದ ಬೆರಳಿಗೆ ಉಗುರಿರಲಿಲ್ಲ.

ಅಂದಿನಿಂದ ತಿಂಗಳಿಗೊಂದು ಭಾನುವಾರ
ನಾನು, ಎಣ್ಣೆಡಬ್ಬಿ, ಹಳೇ ಬನಿಯನ್ನಿನ ಚೂರು.
ಹಳಿಯೊಳಗೆ ಕಾಫಿ ಸಿಪ್ಪೆಯ ಧೂಳು,
ಕಣಜ ಕಟ್ಟಿಟ್ಟ ಮಣ್ಣಿನ ಗೂಡು.
ಗಾಲಿಗೊಂದು ಹನಿ, ಕೀಲಿಗೊಂದು ಹನಿ;
ಹಳಿಗೆ ಬೇಡ, ಒರೆಸಿದರೆ ಸಾಕು.

ಆಮೇಲೆ ನೆಲದ ಮೇಲೆ ಸಿಲ್ವರ್ ಓಕಿನ ತುಂಡಿಟ್ಟು
ಬಟನ್ ಒತ್ತುವುದು.
ಇಳಿಯುತ್ತದೆ, ತಾಗುತ್ತದೆ,
ತಪ್ಪಾಯ್ತು ಅಂದಂತೆ ಹಿಂದಿರುಗುತ್ತದೆ.
ಮಲಗಿದ ರೋಸಿಯ ಬೆನ್ನಿನೆತ್ತರ ಆ ತುಂಡು,
ಅವಳನ್ನು ಅಳೆದೇ ಕೊಯ್ಸಿದ್ದು.
ಅಳೆಯುವಾಗ ಬಾಲ ಆಡಿಸುತ್ತಿದ್ದಳು.

ಹೋದ ಕೈಲ್ ಮುಹೂರ್ತಕ್ಕೆ
ಕೋವಿಗೆ ತೋಕ್ ಪೂ ಸಿಕ್ಕಿಸಿದ ಮಾವ
ಒಂದನ್ನು ಎಣ್ಣೆಡಬ್ಬಿಯ ಮೂತಿಗೂ ಇಟ್ಟರು.
ನನ್ನ ಕಡೆ ನೋಡಲಿಲ್ಲ.

ಇವತ್ತು, ಸೊಂಟದ ಮಟ್ಟದಲ್ಲಿ ಬಿಟ್ಟ ಬಾಗಿಲು
ಗೇಣುದ್ದ ಜಾರಿತು.
ಮೆಲ್ಲಗೆ ಇಳಿಸಿದೆ. ಮೊಯ್ದು ಬರುವುದು ನಾಳೆಯಂತೆ.
ಹೊರಗಿರುವ ಜೀಪಿಗೆ ಇಬ್ಬನಿ ಬೀಳುತ್ತಲ್ಲ, ಅಂದರು ಮಾವ.
ಬೀಳಲಿ.